ಮೂರನೆಯ ಚೌಕ

ಗುರುವಾರ ಚುಚ್ಚುಮದ್ದಿನ ದಿನ. ದೇವದುರ್ಗದಿಂದಾಚೆಯ ಆ ಹಳ್ಳಿಯ ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ ಕೂಸುಗಳ ಅಳುವೂ ತಾಯಂದಿರ ಮಾತೂ ಕಲಸಿಕೊಂಡಿದ್ದವು. ಜಾಲಹಳ್ಳಿ ಕಡೆಯಿಂದ ಬಂದ ಬಸ್ಸಿಳಿದ ಆದೆಮ್ಮನ ಕೈಯಲ್ಲಿ ಮೊಮ್ಮಗಳ ಲಸಿಕೆ ಕಾರ್ಡಿತ್ತು, ಮೊಮ್ಮಗಳು ಇರಲಿಲ್ಲ.

ಕೂಸೆಲ್ಲಿ ಎಂದು ನರ್ಸ್ ಯಶೋದಾ ಕೇಳಿದಳು. ಮಾನ್ವಿಯವರು ಒಯ್ದರು ಎಂದಳು ಆದೆಮ್ಮ. ಹೆರಿಗೆಯಲ್ಲಿ ಸತ್ತ ಸೊಸೆ ಅಂಬಮ್ಮನ ತವರು ಮಾನ್ವಿ. ಅವಳ ಅಣ್ಣ ನಿಂಗರಾಜ ಎಲ್ಲಿಂದಲೋ ಆಸ್ಪತ್ರೆಯ ಕಾಗದದ ನಕಲು ತೆಗೆಸಿಕೊಂಡು ಬಂದು, ಓಣಿಯವರೆಲ್ಲ ಕೇಳುವಂತೆ ಓದಿದ್ದ. ತಂಗಿಯನ್ನು ಕೊಂದ ಮನೆಯಲ್ಲಿ ಅವಳ ಮಗಳನ್ನು ಬಿಡುವುದಿಲ್ಲವೆಂದು ಎತ್ತಿಕೊಂಡು ಹೋಗಿದ್ದ. ಕುರಿಹಿಂಡಿನ ಜೊತೆ ಊರೂರು ತಿರುಗುವ ಮಗ ಸಿದ್ರಾಮನೂ ಅಂದಿನಿಂದ ತಾಯಿಯ ಫೋನು ಎತ್ತುತ್ತಿರಲಿಲ್ಲ.

"ಮನ್ಯಾಗ ತಡ ಮಾಡೀನಂತ ಬರದಾರಂತ, ನರ್ಸಮ್ಮ. ಹತ್ತರ ಬಸ್ಸಿಗೆ ಕರಕೊಂಡು ಬಂದಿದ್ನಲ್ಲ, ಬಾಗಲದಾಗ ನೀವ ಇದ್ರಿ. ಬರದವ್ರಿಗೆ ಸ್ವಲ್ಪ ಹೇಳ್ರಿ."

ಬರೆದವಳು ಯಶೋದಾಳೇ. ಆ ಹಾಳೆಯ ಕೆಳಗೆ ಆದೆಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡವಳೂ ಅವಳೇ. ಕೂಸಿನ ಜನನಪತ್ರಕ್ಕೆ ಬೇಕಿರಬೇಕು ಎಂದುಕೊಂಡು ಮುದುಕಿ ಒತ್ತಿದ್ದಳು. ಯಾರೂ ಓದಿ ಹೇಳಿರಲಿಲ್ಲ.

ಹೆರಿಗೆಗೆ ಬಂದ ದಿನ ಅಂಬಮ್ಮನ ಮುಖ ಊದಿತ್ತು, ಕಣ್ಣು ಮಂಜಾಗಿದೆ ಎನ್ನುತ್ತಿದ್ದಳು. ರಕ್ತದೊತ್ತಡ ನೋಡಿದ ಕೂಡಲೇ ರಾಯಚೂರಿನ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ಯಶೋದಾಳಿಗೆ ಗೊತ್ತಾಗಿತ್ತು. ಫೋನಿನಲ್ಲಿ ಕೇಂದ್ರದ ಡಾಕ್ಟರ್ ಚನ್ನವೀರ, ಈ ತಿಂಗಳು ಆಗಲೇ ನಾಲ್ಕು ಕೇಸು ರಾಯಚೂರಿಗೆ ತಳ್ಳಿದ್ದೀರಿ, ಮೇಲಿನವರಿಗೆ ನಾನೇನು ಹೇಳಲಿ, ಸ್ವಲ್ಪ ಕಾದು ನೋಡಿ ಎಂದಿದ್ದರು. ಅವಳು ಕಾದಳು. ಒಂದೂವರೆಗೆ ಅಂಬಮ್ಮನಿಗೆ ಫಿಟ್ಸ್ ಬಂತು. ರಾಯಚೂರು ಮುಟ್ಟಿದ ಮೇಲೆ ಕೂಸು ಮಾತ್ರ ಉಳಿಯಿತು.

ಮುಂದಿನ ಮಂಗಳವಾರ ರಾಯಚೂರಿನಲ್ಲಿ ತಾಯಂದಿರ ಸಾವಿನ ಪರಿಶೀಲನಾ ಸಭೆ. ಶ್ರೀಲಂಕಾಕ್ಕೆ ಹೋಗಿ ಕಲಿತು ಬಂದ ತಂಡದಲ್ಲಿದ್ದ ಚನ್ನವೀರ ಪರದೆಯ ಮೇಲೆ ಫೋಟೋ ತೋರಿಸಿದರು. ಮನೆಮನೆಗೆ ಹೋಗಿ ಬಸುರಿಯರನ್ನು ನೋಡುವ ಹೆಂಗಸರು, ಚಿಕ್ಕದಾದರೂ ಚೊಕ್ಕಟವಾದ ಹೆರಿಗೆ ಕೋಣೆಗಳು, ಸಮುದ್ರದ ಮುಂದೆ ತಂಡದವರು.

"ಸಾವು ಆತಂದ್ರ ಅಲ್ಲಿ ಯಾರು ತಪ್ಪು ಮಾಡಿದ್ರು ಅಂತ ಕೇಳಂಗಿಲ್ಲ, ಎಲ್ಲಿ ತಡ ಆತು ಅಂತ ಕೇಳ್ತಾರ," ಎಂದರು. "ಶಿಕ್ಷೆ ಇಲ್ಲ ಅಂದಮ್ಯಾಲ ಸುಳ್ಳು ಯಾಕ ಹೇಳ್ತಾರ?"

ಎಲ್ಲರೂ ಚಪ್ಪಾಳೆ ತಟ್ಟಿದರು. ತಂಡ ಬಂದ ಮೇಲೆ ಹೊಸ ನಮೂನೆಯೂ ಅಚ್ಚಾಗಿತ್ತು. ತಡ ಎಲ್ಲಾಯಿತು ಎಂಬುದಕ್ಕೆ ಅದರಲ್ಲಿ ಮೂರು ಚೌಕ: ಮನೆಯಲ್ಲಿ, ದಾರಿಯಲ್ಲಿ, ಆಸ್ಪತ್ರೆಯಲ್ಲಿ. ಚಹಾ ಕುಡಿದಾದ ಮೇಲೆ ಕಡತ ತೆಗೆದರು. ಓದಿದ ಒಂದೊಂದು ಹಾಳೆಯಲ್ಲೂ ಗುರುತು ಮೊದಲ ಚೌಕದಲ್ಲೇ ಇತ್ತು. ಚೌಕಗಳು ವಿಮಾನ ಹತ್ತಿ ಬಂದಿದ್ದವು, ಉಳಿದದ್ದು ಶ್ರೀಲಂಕಾದಲ್ಲೇ ಉಳಿದಿತ್ತು.

ಅಂಬಮ್ಮ, ಇಪ್ಪತ್ತೆರಡು ವರ್ಷ, ಮನೆಯಲ್ಲಿ ತಡ ಎಂದು ಓದಿ ಸಭೆಯ ಅಧ್ಯಕ್ಷರು ಹಾಳೆ ತಿರುಗಿಸಿದರು. ಯಶೋದಾ ಎದ್ದು ನಿಂತಳು.

"ಅದು ಸುಳ್ಳದ ಸರ್. ಅವ್ರು ಹತ್ತಕ್ಕ ಬಂದಿದ್ರು. ತಡ ನಮ್ಮಲ್ಲೇ ಆಗ್ಯದ. ನಾನ ಬರದೀನಿ, ನಾನ ಹೇಳಾಕತ್ತೀನಿ."

ತಡಕ್ಕೆ ಕಾರಣ ಯಾರು ಎಂದು ಅಧ್ಯಕ್ಷರು ಕೇಳಿದರು. ಚನ್ನವೀರ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದರು.

"ಯಾರು ಅಂತ ಕೇಳಂಗಿಲ್ಲ ಅಂತ ಈಗಷ್ಟ ಹೇಳಿದ್ರಲ್ರೀ," ಎಂದಳು ಯಶೋದಾ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ.

ಶನಿವಾರ ಅವಳ ಹೆಸರಿಗೆ ನೋಟಿಸು ಬಂತು. ಸುಳ್ಳು ದಾಖಲೆ ಬರೆದದ್ದಕ್ಕೆ ಮೂರು ದಿನದೊಳಗೆ ಉತ್ತರಿಸಬೇಕು. ಮನೆಯಲ್ಲಿ ತಡ ಎಂದು ಬರೆದ ಬೇರೆ ಯಾರಿಗೂ ನೋಟಿಸಿರಲಿಲ್ಲ.

ಸಂಜೆ ಚನ್ನವೀರ ಫೋನು ಮಾಡಿದರು. ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ನಾ ಅಲ್ಲಿ ನೋಡಿದ್ದು ಖರೇನ ಅದ, ಸಿಸ್ಟರ್. ಆದ್ರ ನಮ್ಮ ಮ್ಯಾಲಿನವ್ರು ಅಲ್ಲಿನವ್ರಲ್ಲ. ಬಾಯಿ ಬಿಟ್ರ ನನ್ನೂ ಬಿಡಂಗಿಲ್ಲ."

"ಆ ಮುದುಕಿನ್ನ ಯಾರು ಬಿಟ್ಟಾರ್ರೀ ಸರ್?" ಎಂದಳು. ಅವರು ಫೋನಿಟ್ಟರು.

ಮರುದಿನ ಹೊಸ ಹಾಳೆಯಲ್ಲಿ ಮೂರನೆಯ ಚೌಕಕ್ಕೆ ಗುರುತು ಹಾಕಿ, ಕೆಳಗೆ ತನ್ನ ಹೆಸರು ಬರೆದು, ಯಶೋದಾ ಆದೆಮ್ಮನ ಮನೆಗೆ ಹೋದಳು. ಶಾಯಿ ಡಬ್ಬಿ ಕಂಡದ್ದೇ ಆದೆಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮೊದ್ಲ ಓದ್ರಿ."

ಯಶೋದಾ ಓದಿದಳು. ಮನೆಯಲ್ಲಿ, ಇಲ್ಲ. ದಾರಿಯಲ್ಲಿ, ಇಲ್ಲ. ಆಸ್ಪತ್ರೆಯಲ್ಲಿ, ಮೂರೂವರೆ ತಾಸು. ಮೊದಲಿನ ಹಾಳೆ ಬರೆದವಳು ಯಾರೆಂಬುದನ್ನೂ ಹೇಳಿದಳು.

ಆದೆಮ್ಮ ಅಳಲಿಲ್ಲ, ಬಯ್ಯಲೂ ಇಲ್ಲ.

"ಅವತ್ತೂ ನಿಮಗ ಓದಾಕ ಬರತಿತ್ತಲ್ಲ," ಎಂದಳು.

ಯಶೋದಾ ಹಾಳೆಯನ್ನೂ ಶಾಯಿ ಡಬ್ಬಿಯನ್ನೂ ಅವಳ ಮುಂದಿಟ್ಟಳು.

"ಇಲ್ಲಿ ಒತ್ತಂಗಿಲ್ಲ. ಮಾನ್ವ್ಯಾಗ ಅವ್ರ ಮುಂದ ನಿಂತು ಓದ್ರಿ. ಆಮ್ಯಾಲ ಒತ್ತತೀನಿ."

ಇಬ್ಬರೂ ಬಸ್ಸು ಹತ್ತಿದರು. ಯಶೋದಾಳ ಪಕ್ಕದ ಸೀಟು ಖಾಲಿಯಿತ್ತು. ಆದೆಮ್ಮ ಅಲ್ಲಿ ಕೂರಲಿಲ್ಲ. ಮುಂದಿನ ಸೀಟಿನಲ್ಲಿ, ಲಸಿಕೆ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತಳು.