ಮೂರನೆಯ ಕೀಲು

1958ರಲ್ಲಿ ಭದ್ರಾವತಿಯಲ್ಲಿ ಎರಕಗೊಂಡೆ. ಮರುವರ್ಷ ಬೆಂಗಳೂರಿನ ಪೇಟೆಯ ಒಂದು ಬೀದಿಯಡಿ ನನ್ನನ್ನು ಹೂಳಿದರು. ಅರವತ್ತನಾಲ್ಕು ವರ್ಷ ನೀರು ಹೊತ್ತೆ. ಕೆಳಗೆ ರೈಲಿನ ಸುರಂಗ ಕೊರೆಯುವ ಯಂತ್ರ ಹಾದುಹೋದ ಆರನೆಯ ದಿನ ಒಡೆದೆ. ಈ ಕ್ರಮದಲ್ಲಿಯೇ ಹೇಳುತ್ತೇನೆ.

ನಾನು ಎರಕದ ಕಬ್ಬಿಣದ ನೀರಿನ ಕೊಳವೆ. ನನ್ನ ತುಂಡುಗಳನ್ನು ಒಂದರೊಳಗೊಂದು ಕೂರಿಸಿ, ಕೀಲಿನ ಸಂದಿಗೆ ಸೆಣಬು ತುರುಕಿ, ಕಾದ ಸೀಸ ಸುರಿದು ಬಡಿದಿದ್ದರು. ನಾನು ಬಾಗಲಾರೆ, ಆದ್ದರಿಂದ ಅಡಿಯ ಮಣ್ಣನ್ನು ನಂಬಿದ್ದೆ. ಅದರ ಬಳಿಕ ನಂಬಿದ್ದು ನೀರು ಬಿಟ್ಟು ನಿಲ್ಲಿಸುವ ವಾಲ್ವ್‌ಮನ್ ಪಿಳ್ಳಪ್ಪನನ್ನು. ಕೊನೆಯ ಮೂವತ್ತು ವರ್ಷ ಪ್ರತಿ ಬೆಳಿಗ್ಗೆ ಆತ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ವಾಲ್ವಿನ ಗುಂಡಿಯೊಳಗಿಂದ ನನ್ನ ಮೈಗೆ, ಇನ್ನೊಂದನ್ನು ತನ್ನ ಕಿವಿಗೆ ಒತ್ತಿ ಸೋರಿಕೆಯ ಸದ್ದು ಹುಡುಕುತ್ತಿದ್ದ.

"ಏನ್ ಡಾಕ್ಟ್ರೆ, ಪೇಷಂಟ್ ಹೆಂಗೈತೆ?" ಎಂದು ಇಸ್ತ್ರಿ ಗಾಡಿಯ ಅಕ್ಕಯ್ಯಮ್ಮ ರೇಗಿಸುತ್ತಿದ್ದಳು.

"ನಿಂಗಿಂತ ಗಟ್ಟಿಯಾಗೈತೆ, ಸುಮ್ಕಿರು."

ಸುರಂಗ ಕೊರೆದಾಗ ಮೇಲಿನ ಮಣ್ಣು ಸಡಿಲಗೊಂಡು ಇಳಿಯುತ್ತದೆ. ಅದನ್ನು ಅಳೆಯಲು ಇಂಜಿನಿಯರ್ ಶ್ರೀಹರ್ಷ ಬಂದರು. ಕಾಂಕ್ರೀಟ್ ರಸ್ತೆಯನ್ನು ಕೊರೆದು ಮಣ್ಣಿನೊಳಗೆ ಅಳತೆಯ ಕಡ್ಡಿ ಇಳಿಸಬೇಕಿತ್ತು. ಹೊಸ ರಸ್ತೆ ಕೊರೆಯಲು ಅನುಮತಿ ತಡವಾದೀತೆಂದು ಅವರ ತಂಡ ಕಾಂಕ್ರೀಟಿನ ಮೇಲೆಯೇ ಮೊಳೆ ಹೊಡೆದು ಬಣ್ಣ ಬಳಿದು ಅದರ ಮಟ್ಟವನ್ನೇ ಅಳೆಯತೊಡಗಿತು.

ಯಂತ್ರ ಹಾದ ಎರಡನೆಯ ದಿನದಿಂದ ಮಣ್ಣು ನನ್ನ ಅಡಿಯಿಂದ ಸದ್ದಿಲ್ಲದೆ ಜಾರಿತು. ಕಾಂಕ್ರೀಟ್ ಮಾತ್ರ ಸೇತುವೆಯಂತೆ ಬಿಗಿದು ನಿಂತಿತು. ಆಸರೆ ತಪ್ಪಿ ನನ್ನ ಮೂರನೆಯ ಕೀಲು ಬಿರಿಯಿತು. ಐದನೆಯ ಬೆಳಿಗ್ಗೆ ಪಿಳ್ಳಪ್ಪ ಸಲಾಕೆ ಇಟ್ಟಾಗ ಇದ್ದ ಶಕ್ತಿಯನ್ನೆಲ್ಲ ಹಾಕಿ ಸುಯ್‌ಗುಟ್ಟಿದೆ. ಅವನ ಕೈ ಕೂಡಲೇ ವಾಲ್ವಿನ ಮೇಲೆ ಹೋಯಿತು.

"ಸಾರ್, ಮೂರನೇ ಜಾಯಿಂಟು ಉಸಿರು ಬಿಡ್ತಾ ಐತೆ. ನೀರು ನಿಲ್ಸಿ ಅಗೆದ್ಬಿಡಾಣ."

ಶ್ರೀಹರ್ಷ ನಕ್ಕರು. "ಪಿಳ್ಳಪ್ಪನೋರೆ, ರೀಡಿಂಗ್ ಸೊನ್ನೆ. ಮೊಳೆ ಕೂದಲಷ್ಟೂ ಇಳಿದಿಲ್ಲ. ವಯಸ್ಸಾಯ್ತಲ್ಲ, ಕಿವಿ ತೋರಿಸ್ಕೊಳಿ."

ಪಿಳ್ಳಪ್ಪ ಸಲಾಕೆಯನ್ನೊಮ್ಮೆ, ಮೊಳೆಯನ್ನೊಮ್ಮೆ ನೋಡಿದ. "ಇರ್ಬೋದು ಬಿಡಿ ಸಾರ್," ಎಂದು ವಾಲ್ವಿನಿಂದ ಕೈ ತೆಗೆದ. ಆಗಲೇ ನೀರು ನಿಲ್ಲಿಸಿ ಸೀಸ ಬಡಿದಿದ್ದರೆ ನಾನು ಉಳಿಯುತ್ತಿದ್ದೆ. ನಾನು ನಂಬಿದ್ದವರಲ್ಲಿ ಮಣ್ಣಿಗೆ ನನ್ನ ಭಾಷೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

ಮರುದಿನ ಒಡೆದೆ. ನುಗ್ಗಿದ ನೀರು ಉಳಿದ ಮಣ್ಣನ್ನೂ ಕೊಚ್ಚಿತು. ರಸ್ತೆ ಕುಸಿದು ಅಕ್ಕಯ್ಯಮ್ಮನ ಗಾಡಿ ಗುಂಡಿಗೆ ಬಿತ್ತು. ಟೀ ಕುಡಿಯಲು ಹೋಗಿದ್ದರಿಂದ ಆಕೆ ಉಳಿದಳು.

ಈಗ ಉಗ್ರಾಣದ ಅಂಗಳದಲ್ಲಿ ಎರಡು ತುಂಡಾಗಿ ಬಿದ್ದಿದ್ದೇನೆ. ಪಿಳ್ಳಪ್ಪ ಒಮ್ಮೆ ಬಂದು ಸಲಾಕೆ ಇಟ್ಟು ಆಲಿಸಿದ.

ಆಮೇಲೆ ಗುಂಡಿಯ ಪಕ್ಕದಲ್ಲಿ ರಸ್ತೆ ಕೊರೆದು ಅಳೆದರು. ಕಾಂಕ್ರೀಟಿನ ಮೇಲ್ಮೈ ಇಳಿದದ್ದು ಸೊನ್ನೆ. ಅಡಿಯ ಮಣ್ಣು ಇಳಿದದ್ದು ಇಪ್ಪತ್ತೆರಡು ಮಿಲಿಮೀಟರ್. ನನ್ನ ಮೂರನೆಯ ಕೀಲಿನಿಂದ ಸೀಸ ಹೊರಬಂದದ್ದು ಒಂಬತ್ತು ಮಿಲಿಮೀಟರ್. ಪಿಳ್ಳಪ್ಪನ ಕಿವಿಯಲ್ಲಿ ದೋಷವಿರಲಿಲ್ಲ.