ಗೋಡೆಗೆ ಒರಗಿದ್ದ ಲಾಭ

ತಮ್ಮನೇ ತೆಗೆದಿರಬಹುದೇ? ಛೇ, ಒಡಹುಟ್ಟಿದವನು, ಹಾಗೆ ಮಾಡುವವನಲ್ಲ. ಆದರೆ ಹಣದ ಪೆಟ್ಟಿಗೆಯ ಬೀಗದಕೈ ಇರುವುದು ಅವನ ಬಳಿಯೇ. ಈ ತಿಂಗಳು ಕುರ್ಚಿ, ಮೇಜು ಕೈಗೆ ಬಿಡುವಿಲ್ಲದಂತೆ ಮಾರಾಟವಾಗಿವೆ. ಪೆಟ್ಟಿಗೆಯಲ್ಲಿರುವುದು ಮಾತ್ರ ನಾಲ್ಕೇ ಸಾವಿರ. ಉಳಿದದ್ದನ್ನು ಗಾಳಿ ತಿಂದಿತೇ?

ಬಡಗಿ ಉಳಿಯನ್ನು ಕೆಳಗಿಟ್ಟ. ಕೂದಲೆಳೆಯ ವ್ಯತ್ಯಾಸವನ್ನೂ ಸಹಿಸದ ಅವನನ್ನು ಬೀದಿಯವರೆಲ್ಲ 'ಮಿಲಿಮೀಟರ್' ಎಂದೇ ಕರೆಯುತ್ತಿದ್ದರು. ಕೆಲವು ದಿನಗಳಿಂದ ಅವನು ತಮ್ಮನೊಡನೆ ನೆಟ್ಟಗೆ ಮಾತಾಡಿರಲಿಲ್ಲ. ಇಂದು ಬೀಗದಕೈ ವಾಪಸ್ ಕೇಳುವುದೇ ಸರಿ ಎಂದುಕೊಂಡಿದ್ದ. ಕೇಳಿದರೆ ತಮ್ಮ ಮನೆ ಬಿಟ್ಟೇ ಹೋದಾನೆಂಬುದೂ ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಅಕ್ಕ ಬಂದಳು. ತನ್ನ ಬೀದಿಯ ಹೆಂಗಸರ ಉಳಿತಾಯ ಸಂಘದ ಲೆಕ್ಕ ಬರೆಯುವವಳು ಅವಳೇ.

"ಏನೋ, ಮುಖ ಊದಿಸ್ಕೊಂಡಿದ್ದೀಯ? ಹಲ್ಲುನೋವಾ?"

"ವ್ಯಾಪಾರ ಜೋರಾಗಿದೆ ಅಕ್ಕ. ದುಡ್ಡೇ ಇಲ್ಲ."

"ಲೆಕ್ಕ ಬರೆದಿಟ್ಟಿದ್ದೀಯಾ?"

"ಬರೆಯೋದೇನು? ಪೆಟ್ಟಿಗೇಲಿ ಇದ್ರೆ ಲಾಭ, ಇಲ್ದಿದ್ರೆ ನಷ್ಟ."

"ಭೇಷ್! ಮರ ಅಳೆಯೋಕೆ ಟೇಪು, ದುಡ್ಡಿಗೆ ಕಣ್ಣಂದಾಜು!" ಅಕ್ಕ ಒಂದು ಪ್ಲೈವುಡ್ ತುಂಡನ್ನು ಎಳೆದುಕೊಂಡು ಕೂತಳು. "ಆ ಪೆನ್ಸಿಲ್ ಕೊಡು. ಎಷ್ಟು ಮಾರಿದ್ರಿ?"

"ನಲವತ್ತು ಸಾವಿರದ ಮಾಲು."

ಅಂಟಿನ ಡಬ್ಬಿ ಹಿಡಿದು ಒಳಬಂದ ತಮ್ಮ ಹೇಳಿದ: "ಕೈಗೆ ಬಂದಿದ್ದು ಮೂವತ್ತೇ ಅಣ್ಣ. ಮೇಷ್ಟ್ರು ಮೇಜಿನ ಹತ್ತು ಸಾವಿರ ಮುಂದಿನ ತಿಂಗಳು ಕೊಡ್ತೀನಿ ಅಂದಿದ್ದಾರಲ್ಲ."

"ಹೋದ ತಿಂಗಳ ಕೊನೇಲಿ ಪೆಟ್ಟಿಗೇಲಿ ಎಷ್ಟಿತ್ತು?" ಅಕ್ಕ ಕೇಳಿದಳು.

"ಆಗಲೂ ನಾಲ್ಕೇ," ಎಂದ ತಮ್ಮ.

"ಅಂದ್ರೆ ಬಂದ ಮೂವತ್ತೂ ಹೋಗಿದೆ. ಎಲ್ಲಿಗೆ ಹೋಯ್ತು?"

ತಮ್ಮ ಬೆರಳು ಮಡಚಿದ. ಮರಕ್ಕೆ ಹದಿನೆಂಟು. ಬಾಡಿಗೆ, ಮೊಳೆ, ಪಾಲಿಶ್ ಎಲ್ಲ ಸೇರಿ ಆರು. ಇನ್ನೂ ಆರಕ್ಕೆ ಲೆಕ್ಕ ಸಿಗಲಿಲ್ಲ. ಬಡಗಿ ತಮ್ಮನ ಮುಖವನ್ನೇ ನೋಡಿದ.

"ಅತ್ತಿಗೆ ಕನ್ನಡಕ, ಮನೆ ದಿನಸಿ, ನಿನ್ನ ಹೊಸ ಚಪ್ಪಲಿ. ಎಲ್ಲ ನೀನೇ ಇಸ್ಕೊಂಡಿದ್ದಲ್ವಾ ಅಣ್ಣ?" ಎಂದು ತಮ್ಮ ಒಂದೊಂದರ ಬೆಲೆಯನ್ನೂ ಹೇಳಿದ. "ನನ್ನ ಕ್ಷೌರದ ದುಡ್ಡೂ ಸೇರಿಸು ಅಕ್ಕ. ಕೂದಲೇ ಇಲ್ಲ ಅಂತ ಬಿಟ್ಟುಬಿಡಬೇಡ."

ಅಕ್ಕ ನಗುತ್ತಲೇ ಕೂಡಿದಳು. ಆರು ಸಾವಿರಕ್ಕೆ ಸರಿಹೋಯಿತು.

"ಹಾಗಾದ್ರೆ ಲಾಭವೇ ಇಲ್ವಾ?" ಬಡಗಿಯ ದನಿ ಸಣ್ಣಗಾಗಿತ್ತು.

ಅಕ್ಕ ಗೋಡೆಯತ್ತ ಕೈ ತೋರಿಸಿದಳು. ತಂದ ಮರದಲ್ಲಿ ಅರ್ಧದಷ್ಟು ಇನ್ನೂ ಅಲ್ಲೇ ಒರಗಿತ್ತು.

"ಕುಯ್ದಿರೋ ಮರ ಒಂಬತ್ತು ಸಾವಿರದ್ದು. ಬಾಡಿಗೆ, ಪಾಲಿಶ್ ಆರು. ನಲವತ್ತರಲ್ಲಿ ಈ ಹದಿನೈದು ಕಳಿ. ಇಪ್ಪತ್ತೈದು ಸಾವಿರ ಲಾಭ ಕಣೋ! ಒಂಬತ್ತು ಗೋಡೆಗೆ ಒರಗಿದೆ, ಹತ್ತು ಮೇಷ್ಟ್ರ ಹತ್ರ ಇದೆ, ಆರು ನಿಮ್ಮ ಮನೆ ಸೇರಿದೆ. ಪೆಟ್ಟಿಗೆಗೆ ಏನು ಗೊತ್ತು ಪಾಪ? ಅದು ತನ್ನ ಹೊಟ್ಟೇಲಿರೋದನ್ನ ಮಾತ್ರ ಹೇಳುತ್ತೆ."

ತಮ್ಮ ಶಿಳ್ಳೆ ಹಾಕುತ್ತ ಅಂಟು ಕಲಸತೊಡಗಿದ. ಅಣ್ಣನ ಅನುಮಾನ ಅವನಿಗೇನೂ ತಿಳಿದಿರಲಿಲ್ಲ.

ಬಡಗಿ ಅಕ್ಕನ ಚೀಲ ಹಿಡಿದು ಬಸ್ ನಿಲ್ದಾಣದವರೆಗೂ ನಡೆದ. "ಇವತ್ತು ನೀನು ಬರದೇ ಹೋಗಿದ್ರೆ, ಅಕ್ಕ..." ಎಂದು ಚೀಲವನ್ನು ಅವಳ ಕೈಗಿತ್ತ.

"ಬಂದೆನಲ್ಲ, ಬಿಡು," ಎಂದಳು ಅಕ್ಕ. ಮತ್ತೇನನ್ನೂ ಕೇಳಲಿಲ್ಲ. ಕಲಿಸಿದ ಲೆಕ್ಕಕ್ಕಿಂತ ಆ ಕೇಳದಿರುವಿಕೆಗೆ ಅವನು ಹೆಚ್ಚು ಋಣಿಯಾದ.

ಓದುವವರೇ, ನಿಮ್ಮದು ಹೊಲಿಗೆ ಯಂತ್ರವಿರಲಿ, ತರಕಾರಿ ಗಾಡಿಯಿರಲಿ, ದಿನವೂ ಬರೆಯಿರಿ: ಬಂದದ್ದೆಷ್ಟು, ವ್ಯಾಪಾರಕ್ಕೆ ಹೋದದ್ದೆಷ್ಟು, ಮನೆಗೆ ಒಯ್ದದ್ದೆಷ್ಟು. ತಿಂಗಳ ಕೊನೆಗೆ ಉಳಿದ ಸರಕನ್ನೂ, ನೀವು ಕೊಡಬೇಕಾದ ಮತ್ತು ನಿಮಗೆ ಬರಬೇಕಾದ ಬಾಕಿಯನ್ನೂ ಎಣಿಸಿ. ನಿಮ್ಮವರ ಮುಖವನ್ನು ಅನುಮಾನದಿಂದ ನೋಡುವ ಮೊದಲು ಒಮ್ಮೆ ಕೂಡಿ ಕಳೆದು ನೋಡಿ.

ನಿನ್ನನ್ನು ಕಳ್ಳನೆಂದುಕೊಂಡಿದ್ದೆ ಎಂದು ಬಡಗಿ ತಮ್ಮನಿಗೆ ಎಂದೂ ಹೇಳಲಿಲ್ಲ.