ಅಟ್ಟದ ಮೇಲಿನ ಅವರೆ

ಬೊಳ್ಳಮ್ಮನನ್ನು ಜ್ವರ ಬಿಟ್ಟಿತ್ತು, ಊಟ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಗಂಜಿ ಕಂಡರೆ ಮುಖ ತಿರುಗಿಸುವಳು, ಕೋಳಿ ಸಾರಿನ ವಾಸನೆಗೇ ಹೊಟ್ಟೆ ತೊಳಸುವುದು. ಅಂಗಳದಲ್ಲಿ ನಿಂತು ಕರೆದರೆ ತಿತಿಮತಿಯ ಅರ್ಧ ಊರಿಗೆ ಕೇಳಿಸುತ್ತಿದ್ದ ಹೆಂಗಸು ಈಗ ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಲಾರಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಯಲುಸೀಮೆಯಿಂದ ಬಂದ ಹೊಸ ಡಾಕ್ಟರು ಮಗ ದೇರಪ್ಪನನ್ನು ಬಾಗಿಲ ಹೊರಗೆ ಕರೆದು ಪಿಸುಗುಟ್ಟಿದರು. ಮಾಂಸ ಸೇರದಿದ್ದರೆ ಬೇಳೆಕಾಳನ್ನಾದರೂ ತಿನ್ನಿಸಬೇಕಂತೆ, ಅದರಲ್ಲಿ ಪ್ರೋಟೀನ್ ಇದೆಯಂತೆ. ಮಳೆ ಹಿಡಿಯುವುದರೊಳಗೆ ಮೈಗೆ ಶಕ್ತಿ ಬರದಿದ್ದರೆ ಈ ಜೀವ ಮಳೆಗಾಲ ದಾಟುವುದು ಕಷ್ಟವಂತೆ. ಬೊಳ್ಳಮ್ಮನ ಕಿವಿಗೇನೂ ಜ್ವರ ಬಂದಿರಲಿಲ್ಲ. ಅಷ್ಟೂ ಕೇಳಿಸಿತು.

ಹುರುಳಿ ಸಾರು ಬಂತು, ಹಾಗೇ ವಾಪಸು ಹೋಯಿತು. ಸಂತೆಯಿಂದ ತಂದ ಕಾಳುಗಳ ಗತಿಯೂ ಅದೇ. ಆಮೇಲೆ ಒಂದು ದಿನ ಸಂಜೆಯ ಕಾಫಿ ಹೊತ್ತಿಗೆ ಸೊಸೆ ಯಮುನ ಒಂದು ಬಟ್ಟಲು ಹಿಡಿದು ಬಂದಳು. ನೆನೆಸಿದ ಅವರೆಯನ್ನು ಮೆತ್ತಗೆ ಬೇಯಿಸಿ, ಕೆಂಡದಲ್ಲಿ ಸುಟ್ಟ ಬೆಳ್ಳುಳ್ಳಿ, ಒಂದು ಸೂಜಿ ಮೆಣಸು, ಉಪ್ಪು ಸೇರಿಸಿ ಕಲ್ಲಿನಲ್ಲಿ ಬೆಣ್ಣೆಯಂತೆ ಅರೆದಿದ್ದಳು. ಸತ್ತ ನಾಲಿಗೆ ಏಳಲೆಂದು ಮೇಲೆ ಎರಡು ತೊಟ್ಟು ಕಾಚಂಪುಳಿಯ ಕಪ್ಪು ಹುಳಿ. ಪಕ್ಕದಲ್ಲಿ ಅಕ್ಕಿ ರೊಟ್ಟಿಯ ಚೂರುಗಳು. ಅದ್ದಿಕೊಂಡು ಬಾಯಿಗಿಟ್ಟರೆ ಆಯಿತು, ಹಲ್ಲಿಗೆ ಕೆಲಸವಿಲ್ಲ. ಹಲ್ಲುಗಳೂ ಹೆಚ್ಚು ಉಳಿದಿರಲಿಲ್ಲವೆನ್ನಿ.

ಬೊಳ್ಳಮ್ಮ ಸೊಸೆಯ ಮುಖ ನೋಡಿ ಒಂದು ಚೂರು ಬಾಯಿಗಿಟ್ಟಳು. ಇಟ್ಟವಳು ಹಾಗೇ ಕೂತಳು.

ಅದು ಅವಳ ಅವರೆ. ಕೆಂಪು ಚುಕ್ಕೆಯ, ಬೆಂದರೆ ತುಸು ಸಿಹಿಯಾಗುವ, ಅವಳ ತವರು ಕಕ್ಕಬೆಯ ಅವರೆ. ಮದುವೆಯಾಗಿ ಹೊರಟಾಗ ಅವ್ವ ಮನೆಯ ಬಿತ್ತನೆಯನ್ನು ಎರಡು ಪಾಲು ಮಾಡಿ, ಒಂದನ್ನು ಅಣ್ಣ ಪದ್ಮಯ್ಯನಿಗೆ ಉಳಿಸಿ, ಇನ್ನೊಂದನ್ನು ಮಗಳ ಸೆರಗಿಗೆ ಕಟ್ಟಿದ್ದಳು. ಅಂದಿನಿಂದ ಪ್ರತಿ ವರ್ಷ ಬಿತ್ತಿ, ಬೆಳೆದು, ಬೂದಿ ಸವರಿ, ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಕೊಂಡು ಬಂದಿದ್ದಳು. ಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರವಾದಾಗಲೂ ಗಂಡನನ್ನು ಆ ಗಂಟು ಮುಟ್ಟಗೊಟ್ಟಿರಲಿಲ್ಲ. ಈ ವರ್ಷದ ತಿನ್ನುವ ಪಾಲು ಆಗಲೇ ಮುಗಿದಿತ್ತು. ಉಳಿದದ್ದು ಅಟ್ಟದ ಗಂಟು ಮಾತ್ರ. ಪಾಪ, ಈ ಹುಡುಗಿಗೆ ಅದು ಬಿತ್ತನೆಯೆಂದು ಯಾರು ಹೇಳಬೇಕಿತ್ತು? ಇವಳ ತವರಿನಲ್ಲಿ ಅಟ್ಟದ ಮೇಲಿಡುವುದೆಲ್ಲ ಮಳೆಗಾಲದ ಊಟಕ್ಕೆ.

ಹೇಳಬೇಕೆಂದು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆಯೇ.

"ಇನ್ನೊಂದ್ ಚೂರು ಹಾಕ್ ಕೂಸೇ."

ಯಮುನಳ ಕಣ್ಣು ತುಂಬಿ ಬಂತು. ಅತ್ತೆ ಬೇಕು ಎಂದು ಕೇಳಿ ಎಷ್ಟೋ ಕಾಲವಾಗಿತ್ತು.

ಮರುದಿನವೂ ಬಟ್ಟಲು ಬಂತು, ಅದರ ಮರುದಿನವೂ ಬಂತು. ಒಮ್ಮೆ ಬೇಯಿಸಿದ ಮರಗೆಣಸಿನ ಜೊತೆ, ಒಮ್ಮೆ ಹಲಸಿನ ಹಪ್ಪಳದ ಜೊತೆ. ಪ್ರತಿ ದಿನ ಬೊಳ್ಳಮ್ಮ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವಳು, ಬಟ್ಟಲು ಕಂಡೊಡನೆ ನಾಳೆಗೆ ಮುಂದೂಡುವಳು. ಯಾವ ಅವರೆ ಇದು ಎಂದೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ತನ್ನ ಆಸೆಬುರುಕತನಕ್ಕೆ ತನಗೇ ನಾಚಿಕೆಯಾಗುತ್ತಿತ್ತು, ಆದರೆ ಬದುಕಬೇಕೆಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಕಾಲಿಗೆ ಬಲ ಬರುತ್ತಿತ್ತು. ಗೋಡೆ ಬಿಟ್ಟು ನಡೆದ ದಿನ ಅವಳು ದೇವರಿಗಿಂತ ಮೊದಲು ಸೊಸೆಯನ್ನು ನೆನೆದಳು.

ಬೇರೆ ಕಡೆ ಬಿತ್ತನೆ ಸಿಗುವಂತಿದ್ದರೆ ಇಷ್ಟು ಸಂಕಟವಿರಲಿಲ್ಲ. ಇನ್ನೊಂದು ಪಾಲು ಇದ್ದದ್ದು ಅಣ್ಣನಲ್ಲಿ, ಆ ಬಾಗಿಲು ಮುಚ್ಚಿಹೋಗಿತ್ತು. ದೇರಪ್ಪನ ಮದುವೆಯ ದಿನ ಪದ್ಮಯ್ಯನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಮುಹೂರ್ತ ಮೀರುತ್ತದೆಂದು ಸೋದರಮಾವನ ಶಾಸ್ತ್ರವನ್ನು ಬೇರೆಯವರಿಂದ ಮಾಡಿಸಿದರು. ಆಮೇಲೆ ಧೂಳು ಮೆತ್ತಿಕೊಂಡು ಬಂದ ಅಣ್ಣ ಅದನ್ನು ಕೇಳಿದ್ದಕ್ಕೆ, ಮುಹೂರ್ತವನ್ನು ನಿನ್ನ ಬಸ್ಸಿಗೆ ಕಟ್ಟಿಹಾಕಬೇಕಿತ್ತೇ ಎಂದು ಬೊಳ್ಳಮ್ಮ ನೆಂಟರ ಮುಂದೆ ಅಂದುಬಿಟ್ಟಳು. ಪದ್ಮಯ್ಯ ಎಲೆಯ ಮುಂದಿನಿಂದ ಉಣ್ಣದೆ ಎದ್ದು ಹೋದವನು ಮತ್ತೆ ಬರಲಿಲ್ಲ. ಅವನು ಅವರೆಯ ಜಾಗಕ್ಕೆಲ್ಲ ಕಾಫಿ ಹಾಕಿದ್ದಾನೆ, ಬೇಲಿ ಸಾಲಿನಲ್ಲಿ ನಾಲ್ಕು ಬಳ್ಳಿ ಉಳಿದಿದ್ದರೆ ಹೆಚ್ಚು ಎಂದೂ ಯಾರೋ ಹೇಳಿದ್ದರು.

ಮೊದಲ ಮಳೆ ಬಿದ್ದು ಮಣ್ಣಿನ ವಾಸನೆ ಎದ್ದ ದಿನ ಬೊಳ್ಳಮ್ಮನಿಗೆ ತಡೆಯಲಾಗಲಿಲ್ಲ. ಒಂದು ಹಿಡಿ ಉಳಿದಿದ್ದರೂ ಸಾಕು, ಬಳ್ಳಿ ಬದುಕೀತು. ಬಟ್ಟಲು ತಂದ ಸೊಸೆಯ ಕೈ ಹಿಡಿದು ಕೂರಿಸಿಕೊಂಡಳು.

"ನಾಳೆಂದ ಇದ್ ಅರೆಯೊದು ಬೇಡ ಯಮುನ. ಇದ್ ಬಿತ್ತ್‌ನ ಅವರೆ. ನಿಂಗೆ ಗೊತ್ತಿಲ್ಲೆ, ನಂಗೆ ಮೊದ್ಲ ದಿನನೇ ಗೊತ್ತಿತ್ತ್. ಗೊತ್ತಿದ್ದೇ ತಿಂದೆ."

ಯಮುನ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲನೆ ಹೇಳಿದಳು.

"ಬಿತ್ತ್‌ನ ಗಂಟು ನಾ ಮುಟ್ಟಿಲ್ಲೆ ಅತ್ತೆ. ಇದ್ ಕಕ್ಕಬೆ ಮಾವ ಕಳಿಸ್ದ ಅವರೆ."

ಬೊಳ್ಳಮ್ಮ ನಂಬಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ತಾನೇ ಅಟ್ಟಕ್ಕೆ ಕೈ ಹಾಕಿದಳು. ಗಂಟು ತಾನಿಟ್ಟ ಹಾಗೇ ತುಂಬಿಕೊಂಡು ಕೂತಿತ್ತು, ಮೇಲಿನ ಮಸಿ ಕೂಡ ಕದಲಿರಲಿಲ್ಲ. ಯಮುನ ಹಿಂದೆಯೇ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಜ್ವರದ ಮಂಪರಿನಲ್ಲಿ ಅವ್ವನ ಅವರೆ ಅವ್ವನ ಅವರೆ ಎಂದು ಕನವರಿಸಿದ್ದಳಂತೆ. ದೇರಪ್ಪ ಕಕ್ಕಬೆಯ ಬಸ್ಸು ಹತ್ತಿದನಂತೆ. ಮಾವ ಒಳಗೆ ಹೋಗಿ ಅವರೆ ತುಂಬಿ ತಂದುಕೊಟ್ಟರಂತೆ, ಆಮೇಲೂ ಗೋಣಿಕೊಪ್ಪಲಿನ ಸಂತೆಗೆ ಬರುವವರ ಕೈಯಲ್ಲಿ ಕಳಿಸುತ್ತಲೇ ಇದ್ದರಂತೆ. ತನ್ನ ಹೆಸರು ಹೇಳಬೇಡಿ, ಹೇಳಿದರೆ ಅವಳು ತಿನ್ನಲಿಕ್ಕಿಲ್ಲ ಎಂದು ಆಣೆ ಹಾಕಿಸಿದ್ದರಂತೆ.

ಬೊಳ್ಳಮ್ಮ ಒಲೆಯ ಪಕ್ಕ ಕೂತು ಅತ್ತಳು, ನಡುವೆ ನಕ್ಕಳು. ಹೊಟ್ಟೆ ತುಂಬಿಸಿದ ಅಣ್ಣನನ್ನು ಇಷ್ಟು ಕಾಲ ಬೈದುಕೊಂಡಿದ್ದಳಲ್ಲ. ಮರುದಿನವೇ ಮಗನನ್ನು ಕಕ್ಕಬೆಗೆ ಅಟ್ಟಿದಳು. ಎಲೆ ಹಾಕಿದೆ, ಉಣ್ಣಲು ಬಾ ಎಂದಷ್ಟೇ ಹೇಳಿ ಕಳಿಸಿದಳು.

ಪದ್ಮಯ್ಯ ಬಂದ. ಬಸ್ಸು ಈ ಸಲ ಸರಿಯಾಗಿತ್ತು. ಬೊಳ್ಳಮ್ಮ ಅಂದು ಸೊಸೆಯನ್ನು ಕಲ್ಲಿನ ಹತ್ತಿರ ಬಿಡದೆ ಉಳಿದಿದ್ದ ಕೊನೆಯ ಅವರೆಯನ್ನು ತಾನೇ ಅರೆದಳು. ಅರೆಯುವಷ್ಟು ಬಲ ತೋಳಿಗೆ ಬಂದಿತ್ತು. ಅಣ್ಣ ಎದ್ದುಹೋಗಿದ್ದ ಜಾಗದಲ್ಲೇ ಎಲೆ ಹಾಕಿ ಬಡಿಸಿದಳು. ಅವನು ರೊಟ್ಟಿ ಅದ್ದಿ ತಿಂದ, ಮೆಣಸು ಕಡಿಮೆಯಾಯಿತೆಂದ, ಎರಡನೆಯ ಸಲ ಹಾಕಿಸಿಕೊಂಡ. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹೊರಡುವ ಹೊತ್ತಿಗೆ ಅವನು ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಬಾಗಿಲಲ್ಲಿ ತಡೆದು ನಿಂತ. ಏನೋ ಕೇಳಬೇಕಿತ್ತು, ಹೇಗೆಂದು ತೋಚದವನಂತಿದ್ದ.

"ಒಂದ್ ಹಿಡಿ ಬಿತ್ತ್ ಕೊಡ್ ಬೊಳ್ಳಿ. ನನ್ನಲ್ಲಿ ಒಂದ್ ಕಾಳೂ ಇಲ್ಲೆ."

ಬೊಳ್ಳಮ್ಮನಿಗೆ ಆಗ ತಿಳಿಯಿತು. ತಾನು ತಿಂದದ್ದು ಬಿತ್ತನೆಯ ಅವರೆಯೇ. ತನ್ನದಲ್ಲ, ಅಣ್ಣನದು. ಬೇಲಿ ಸಾಲಿನಲ್ಲಿ ಉಳಿಸಿಕೊಂಡಿದ್ದ ನಾಲ್ಕು ಬಳ್ಳಿಯ ಅವರೆಯನ್ನು, ಬಿತ್ತನೆಗೆ ಒಂದು ಕಾಳೂ ಇಟ್ಟುಕೊಳ್ಳದೆ, ಮಾತು ಬಿಟ್ಟ ತಂಗಿಗೆ ಕಳಿಸಿದ್ದ. ಒಳಗೆ ಹೋಗಿ ಗಂಟು ಇಳಿಸಿ ತಂದಳು, ಅವನ ಟವೆಲನ್ನು ನೆಲಕ್ಕೆ ಹಾಸಿ ಸುರಿಯತೊಡಗಿದಳು. ಅರ್ಧವಾದರೂ ಕೈ ನಿಲ್ಲಲಿಲ್ಲ.

"ಸಾಕ್ ಸಾಕ್. ನಿಂಗೆ ಬೇಡ್ವಾ?" ಎಂದ ಪದ್ಮಯ್ಯ.

"ನಂಗೆ ಬೇಕಾರೆ ನೀ ಕಳಿಸ್ತಿಯಲ್ಲ ಅಣ್ಣ," ಎಂದು ಬೊಳ್ಳಮ್ಮ ಇನ್ನೊಂದು ಹಿಡಿ ಹಾಕಿ ಟವೆಲಿನ ಗಂಟು ಬಿಗಿದಳು.